ಆರು ಅಡಿ ಹತ್ತಿಂಚಿನ ಸಂಭ್ರಮ

ಕಾಲೇಜುಗಳಿಗೆಲ್ಲ ಬೀಗ ಬಿದ್ದಿದ್ದ ವರ್ಷದಲ್ಲಿ, ನಾವು ಓದಿದ ಮೈಸೂರಿನ ಎಂಜಿನಿಯರಿಂಗ್ ಕಾಲೇಜಿನ ಬಾಸ್ಕೆಟ್‌ಬಾಲ್ ತಂಡಕ್ಕೆ ಆರು ಅಡಿ ಹತ್ತಿಂಚಿನ ಹುಡುಗನೊಬ್ಬ ಸಿಕ್ಕಿದ. ಆಡಲು ಟೂರ್ನಮೆಂಟ್ ಇರಲಿಲ್ಲ, ಎದುರಾಳಿ ಇರಲಿಲ್ಲ, ಕ್ಲಾಸುಗಳೇ ಫೋನಿನೊಳಗೆ ನಡೆಯುತ್ತಿದ್ದವು. ಆದರೂ ಆ ಸುದ್ದಿ ಬಂದ ಸಂಜೆ, ಡಚ್ಚರ ನಾಡಿನಲ್ಲಿ, ಜೂಟರ್‌ಮೀರ್ ಎಂಬ ಊರಿನ ನಮ್ಮ ಫ್ಲ್ಯಾಟಿನಲ್ಲಿ ನನ್ನ ಗಂಡ ಸೋಫಾ ಹತ್ತಿ ನಿಂತು ಕೂಗಿದ ಕೂಗಿಗೆ, ಕೆಳಗಿನ ಮನೆಯ ಡಚ್ ಅಜ್ಜಿ ಪೊರಕೆ ಹಿಡಿಯಿಂದ ತನ್ನ ಸೂರು ಕುಟ್ಟಿದಳು. ಊರಿನಲ್ಲಿ ಯಾರಿಗೆ ಏನಾಯಿತೋ ಎಂದು ನಾನು ಹಿಟ್ಟಿನ ಕೈಯಲ್ಲೇ ಅಡುಗೆಮನೆಯಿಂದ ಓಡಿ ಬಂದೆ. ಆ ದಿನಗಳಲ್ಲಿ ಫೋನು ನೋಡಿ ಯಾರಾದರೂ ಕೂಗಿದರೆ ಎದೆ ಧಸಕ್ಕೆನ್ನುತ್ತಿತ್ತು.

"ಸೆಂಟರ್ ಸಿಕ್ದ ಕಣೇ! ಸಿಕ್ಸ್ ಟೆನ್!" ಎಂದ.

ಬಾಸ್ಕೆಟ್‌ಬಾಲಿನಲ್ಲಿ ಸೆಂಟರ್ ಎಂದರೆ ಬುಟ್ಟಿಯ ಕೆಳಗೆ ಗೂಟ ಹೊಡೆದಂತೆ ನಿಲ್ಲುವ ಆಟಗಾರ, ತಂಡದಲ್ಲಿ ಎಲ್ಲರಿಗಿಂತ ಉದ್ದದವನು. ಇದನ್ನು ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಅದೇ ಕಾಲೇಜಿನ ಹುಡುಗಿಯರ ತಂಡಕ್ಕೆ ಓದು ಮುಗಿಯುವವರೆಗೂ ನಾನೇ ಸೆಂಟರ್ ಆಗಿದ್ದೆ. ನಾನು ಸೇರಿದಾಗ ಯಾರೂ ಸೋಫಾ ಹತ್ತಲಿಲ್ಲ. ನಮ್ಮ ಮ್ಯಾಚುಗಳನ್ನು ಮಟಮಟ ಮಧ್ಯಾಹ್ನಕ್ಕೆ ಇಟ್ಟು, ತಂಪು ಹೊತ್ತನ್ನು ಹುಡುಗರಿಗೆ ಬಿಡುತ್ತಿದ್ದರು. ಮೆಟ್ಟಿಲ ಮೇಲೆ ಕೂತ ನಾಲ್ಕು ಜನ "ಲೈಟ್ ಕಂಬ, ಲೈಟ್ ಕಂಬ" ಎಂದು ಕೂಗುತ್ತಿದ್ದರು. ಆ ನಾಲ್ವರಲ್ಲಿ ಒಬ್ಬ ಈಗ ಇಲ್ಲಿನ ದೊಡ್ಡ ಆಫೀಸುಗಳ ಬಡಾವಣೆಯಾದ ಜೈಡಾಸ್‌ನ ಬ್ಯಾಂಕೊಂದರಲ್ಲಿ ದೊಡ್ಡ ಕೆಲಸದಲ್ಲಿದ್ದಾನೆ, ನನ್ನನ್ನು "ಮೇಡಂ" ಎನ್ನುತ್ತಾನೆ. ಇನ್ನೊಬ್ಬ ನನ್ನ ಗಂಡ. ಅವನು ಕೂಗಲಿಲ್ಲವಂತೆ, ಬರೀ ನಕ್ಕನಂತೆ. ಮದುವೆಯಾದ ಹೊಸದರಲ್ಲಿ ಅದನ್ನು ಪ್ರೀತಿಯ ಮಾತು ಎಂಬ ಹಾಗೆ ಹೇಳಿದ್ದ.

ಬ್ಯಾಂಕಿನವನು, ದ ಹೇಗ್‌ನಲ್ಲಿರುವ ಅವರ ಇನ್ನೊಬ್ಬ ಗೆಳೆಯ, ನನ್ನ ಗಂಡ, ಈ ಮೂವರೂ ಕಾಲೇಜಿನಲ್ಲಿ ಚೆಂಡು ಮುಟ್ಟಿದವರಲ್ಲ. ಗಂಟಲು ಹರಿದುಕೊಂಡವರು, ಅಷ್ಟೆ. ಲಾಕ್‌ಡೌನಿನಲ್ಲಿ ಆ ಗಂಟಲಿಗೆ ಮತ್ತೆ ಜೀವ ಬಂತು. ಭಾನುವಾರ ಮಧ್ಯಾಹ್ನ ಮೂವರೂ ಅವರವರ ಮನೆಯಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತು, ವೀಡಿಯೊ ಕರೆಯಲ್ಲಿ ಒಂದಾಗಿ, ಕಾಲೇಜಿನ ಪಿ.ಡಿ. ಸರ್, ಅಂದರೆ ಆಟ ಕಲಿಸುವ ಮೇಷ್ಟರು, ಹಳೇ ವಿದ್ಯಾರ್ಥಿಗಳ ಗುಂಪಿಗೆ ಕಳಿಸಿದ್ದ ಪುಟ್ಟ ವೀಡಿಯೊವನ್ನು ತಿರುತಿರುಗಿಸಿ ನೋಡುತ್ತಿದ್ದರು. ಅದರಲ್ಲಿ ಆಟವೇ ಇರಲಿಲ್ಲ. ಬಾಗಲಕೋಟೆ ಕಡೆಯ ಆ ಹುಡುಗ ಆಫೀಸಿನ ಬಾಗಿಲಲ್ಲಿ ನಿಂತಿದ್ದ. ಅವನ ತಲೆ ಬಾಗಿಲ ಪಟ್ಟಿಗಿಂತ ಮೇಲೆ ಹೋಗಿ, ಹಣೆ ಕಾಣಿಸುತ್ತಿರಲಿಲ್ಲ. ಮಾಸ್ಕ್ ಬೇರೆ ಹಾಕಿದ್ದರಿಂದ ಮುಖ ಎಂದು ಕಂಡದ್ದು ಎರಡು ಕಿವಿ. ಪಕ್ಕದಲ್ಲಿ ಪಿ.ಡಿ. ಸರ್ ಕೈಯೆತ್ತಿ ನಿಂತು, ನೋಡಿ, ನನ್ನ ತಲೆ ಇವನ ಭುಜಕ್ಕೆ, ಎಂದು ತೋರಿಸುತ್ತಿದ್ದರು.

"ಆ ಕೈ ನೋಡ್ರೋ, ಮೊರ ಇದ್ದಂಗಿದೆ!" ಎಂದ ಬ್ಯಾಂಕಿನವನು.

"ಇನ್ನು ಹತ್ತು ವರ್ಷ ಕಪ್ ನಮ್ದೇ," ಎಂದ ದ ಹೇಗ್‌ನವನು.

"ಅವರಮ್ಮ ಏನು ತಿನ್ನಿಸಿ ಬೆಳೆಸಿದ್ರೋ. ಆ ತಾಯಿಗೆ ಕೈ ಮುಗೀಬೇಕು," ಎಂದ ನನ್ನ ಗಂಡ.

ನಾನು ಚಹಾದ ಲೋಟ ಇಡುತ್ತಾ ಒಂದು ಸಲ ನೋಡಿದೆ. ಬಾಗಿಲಿನ ದೃಶ್ಯದ ಕೊನೆಗೆ ಹುಡುಗ ಚೆಂಡು ಹಿಡಿದು ಎರಡು ಹೆಜ್ಜೆ ಹಾಕುವುದಿತ್ತು. "ಮಂಡಿ ಬಗ್ಗಿಸೋದೇ ಇಲ್ವಲ್ಲ ಈ ಹುಡುಗ. ಹೀಗೆ ನೆಟ್ಟಗೆ ನಿಂತ್ರೆ ಯಾರು ಬೇಕಾದ್ರೂ ತಳ್ಳಿ ಹೋಗ್ತಾರೆ," ಎಂದೆ.

ಬ್ಯಾಂಕಿನವನು ತೆರೆಯೊಳಗಿಂದಲೇ ಕೈಮುಗಿದ. "ಅಷ್ಟು ಎತ್ತರ ಇರೋನು ಯಾಕೆ ಬಗ್ಗಬೇಕು ಮೇಡಂ?"

ಮೂವರೂ ನಕ್ಕರು. ನಾನೂ ನಕ್ಕೆ ಎಂದು ಕಾಣುತ್ತದೆ. ಲೋಟ ಇಟ್ಟು ಒಳಗೆ ಬಂದ ಮೇಲೆ ಮೈಯೆಲ್ಲ ಉರಿಯಿತು.

ಏಕೆಂದರೆ ಅದೇ ಭಾನುವಾರಗಳಲ್ಲಿ ನಮ್ಮ ಮನೆಯ ಇನ್ನೊಂದು ತುದಿಯಲ್ಲಿ ಬೇರೊಂದು ಅಳತೆ ನಡೆಯುತ್ತಿತ್ತು. ನನ್ನ ಮಗಳಿಗೆ ಆಗ ಹದಿಮೂರು. ಲಾಕ್‌ಡೌನಿನಲ್ಲಿ ಮನೆಯೊಳಗೆ ಕೂತೇ, ಸದ್ದಿಲ್ಲದೆ, ಪ್ಯಾಂಟುಗಳೆಲ್ಲ ಮೊಣಕಾಲಿಗೆ ಬರುವಂತೆ ಬೆಳೆದಿದ್ದಳು. ಅವಳ ತರಗತಿಯಲ್ಲಿ ಅದು ಯಾರ ಕಣ್ಣಿಗೂ ಬೀಳುವ ಸಂಗತಿಯಲ್ಲ. ಅವಳಿಗಿಂತ ಉದ್ದದ ಡಚ್ ಹುಡುಗಿಯರು ಸೈಕಲ್ ಮೇಲೆ ದಂಡಾಗಿ ಹೋಗುತ್ತಿದ್ದರು. ಆದರೆ ಧಾರವಾಡದಲ್ಲಿ ನಮ್ಮತ್ತೆ ಇದ್ದರು. ಹಿರಿಯ ಮಗನ ಮನೆಯಲ್ಲಿ, ಮೊಮ್ಮಕ್ಕಳ ಗದ್ದಲದ ನಡುವೆ ಕೂತು, ವಿಮಾನ ನಿಂತಿದ್ದರಿಂದ ಇಲ್ಲಿಗೆ ಬರಲಾಗದ ಸಂಕಟವನ್ನು ಅವರು ವೀಡಿಯೊ ಕರೆಯಲ್ಲಿ ತೀರಿಸಿಕೊಳ್ಳುತ್ತಿದ್ದರು. ಕುಶಲ ಕೇಳಿ ಮುಗಿದ ಕೂಡಲೇ ಅವರದೊಂದು ಪದ್ಧತಿ.

"ಎಲ್ಲಿ, ಫ್ರಿಜ್ಜಿನ ಬಾಜೂಕ ನಿಂದ್ರವಾ ನನ್ನ ಬಂಗಾರ. ನೋಡೂಣು."

ಫೋನಿನಲ್ಲಿ ಎತ್ತರ ತಿಳಿಯುವುದಿಲ್ಲವಲ್ಲ, ಅದಕ್ಕೆ ಅವರು ಕಂಡುಕೊಂಡ ಉಪಾಯ ಅದು. ನಾನು ಫೋನು ಹಿಡಿಯಬೇಕು, ಅವಳು ಫ್ರಿಜ್ಜಿಗೆ ಭುಜ ತಾಗಿಸಿ ನಿಲ್ಲಬೇಕು. ಮೊದಲು ತಲೆ ಫ್ರಿಜ್ಜಿನ ಹಿಡಿಕೆಯ ಮೇಲಿತ್ತು, ಬರುಬರುತ್ತಾ ಮೇಲಿನ ಅಂಚಿಗೆ ಬಂತು. ಒಂದು ಭಾನುವಾರ ಅಂಚನ್ನೂ ದಾಟಿ, ಮೇಲಿಟ್ಟಿದ್ದ ಬಾಳೆಹಣ್ಣಿನ ಬುಟ್ಟಿಗೆ ಸರಿಯಾಯಿತು.

"ಯವ್ವಾ! ಫ್ರಿಜ್ ದಾಟಿದ್ಲಲ್ಲೋ! ಏನ ತಿನಸ್ತೀರಿ ಆಕಿಗೆ? ಹಾಲು ಕಮ್ಮಿ ಮಾಡ್ರಿ. ನಾಳೆ ಗಂಡು ಎಲ್ಲಿಂದ ತರೂದು? ನನ್ನ ಮಗನಂಥಾ ದೊಡ್ಡ ಮನಸಿನಾವ ಎಲ್ಲಾರಿಗೂ ಸಿಗತಾನೇನು?"

ದೊಡ್ಡ ಮನಸ್ಸಿನವನು ಪಕ್ಕದಲ್ಲೇ ಇದ್ದ. ಒಂದು ಕಿವಿಯಲ್ಲಿ ಆರು ಅಡಿ ಹತ್ತಿಂಚಿನ ಸುದ್ದಿ, ಇನ್ನೊಂದು ಕಿವಿಯಲ್ಲಿ ಅವ್ವ. "ಹೂಂ ಅವ್ವ, ಇಲ್ಲಿ ಡಾಕ್ಟರಿಗೆ ತೋರಸ್ತೀನಿ. ಬೆಳೆಯೂದು ನಿಲ್ಲಸೋ ಟ್ರೀಟ್‌ಮೆಂಟ್ ಅದಂತ," ಎಂದ. ಅದನ್ನು ಯಾವಾಗ ಹುಡುಕಿದ್ದ, ಎಲ್ಲಿ ಓದಿದ್ದ, ನನಗೆ ಗೊತ್ತಿಲ್ಲ. ಮಗಳು ಫ್ರಿಜ್ಜಿನ ಪಕ್ಕದಲ್ಲಿ ನಿಂತೇ ಇದ್ದಳು. ಅವಳಿಗೆ ಕನ್ನಡ ಮಾತಾಡಲು ಸೋಮಾರಿತನ, ಆದರೆ ಒಂದಕ್ಷರವೂ ತಪ್ಪದೆ ಅರ್ಥವಾಗುತ್ತದೆ.

ಅವತ್ತು ನನಗೊಂದು ಹಟ ಹಿಡಿಯಿತು. ಈ ಹುಡುಗಿ ನೆಟ್ಟಗೆ ನಿಂತು ಬೆಳೆಯಬೇಕು. ಎಷ್ಟು ಬೆಳೆಯುತ್ತಾಳೋ ಅಷ್ಟೂ. ನನಗೆ ಆದದ್ದು ಇವಳಿಗೆ ಆಗಕೂಡದು.

ನನಗೆ ಆದದ್ದನ್ನು ನಮ್ಮ ಕಡೆಯವರು ಈಗಲೂ ಊಟದ ಪಂಕ್ತಿಯಲ್ಲಿ ಹೇಳಿ ನಗುತ್ತಾರೆ. ಮುಹೂರ್ತಕ್ಕೆ ಮೊದಲು ಗಂಡು ಹೆಣ್ಣು ಒಬ್ಬರನ್ನೊಬ್ಬರು ನೋಡಬಾರದೆಂದು ನಡುವೆ ಅಂತರಪಟ ಹಿಡಿಯುತ್ತಾರಲ್ಲ, ನನ್ನ ಮದುವೆಯಲ್ಲಿ ಅದನ್ನು ಹಿಡಿದಿದ್ದ ಇಬ್ಬರೂ ಕುಳ್ಳಗಿದ್ದರು. ಬಟ್ಟೆಯ ಮೇಲಿಂದ ನನ್ನ ಬಾಸಿಂಗ, ಹಣೆ, ಕಣ್ಣು ಎಲ್ಲ ಆಚೆಗೆ ಕಾಣುತ್ತಿದ್ದವು. ನನಗೆ ಆ ಕಡೆ ಕಂಡದ್ದು ಒಂದು ಪೇಟದ ತುದಿ. ಛತ್ರದಲ್ಲಿ ಕೂತವರು ಕಿಸಕ್ಕೆಂದರು. ಗಂಡಿನ ಸೋದರಮಾವ ಓಡಿಹೋಗಿ ಇನ್ನೊಂದು ಮಣೆ ತಂದು ಅವನ ಮಣೆಯ ಮೇಲೆ ಪೇರಿಸಿದರು. ಅದು ಅಲುಗಾಡಿತು, ಅವನು ಪುರೋಹಿತರ ಹೆಗಲು ಹಿಡಿದುಕೊಂಡ, ನಗು ಇನ್ನೂ ಜೋರಾಯಿತು. ಆಗ ನನ್ನ ಸೋದರತ್ತೆ ಹಿಂದಿನಿಂದ ಬಂದು ಕಿವಿಯಲ್ಲಿ ಹೇಳಿದಳು: "ಮಂಡಿ ಬಗ್ಗಿಸೇ. ಸೀರೆ ಒಳಗೆ ಯಾರಿಗೂ ಕಾಣಲ್ಲ."

ಬಗ್ಗಿಸಿದೆ. ಅದು ನನಗೆ ಕಷ್ಟವಾಗಿರಲಿಲ್ಲ ಎಂಬುದೇ ಸಂಕಟ. ಪಿ.ಡಿ. ಸರ್ ಡಿಫೆನ್ಸ್ ಕಲಿಸುವಾಗ ನಮ್ಮನ್ನು ಅಂಗಳದ ಗೆರೆಯ ಮೇಲೆ, ಮಂಡಿ ಬಗ್ಗಿಸಿ ಬೆನ್ನು ನೇರ ಇಟ್ಟು, ತೊಡೆ ನಡುಗುವವರೆಗೆ ನಿಲ್ಲಿಸುತ್ತಿದ್ದರು. ಎದುರಾಳಿ ಎಷ್ಟೇ ನುಗ್ಗಿದರೂ ಜಾಗ ಬಿಟ್ಟುಕೊಡದಿರಲು ಕಲಿಸಿದ ನಿಲುವು ಅದು. ಮಂಗಳಾಷ್ಟಕ ಮುಗಿಯುವವರೆಗೂ ರೇಷ್ಮೆ ಸೀರೆಯೊಳಗೆ ನಾನು ಹಾಗೇ ನಿಂತೆ. ಬಟ್ಟೆ ಸರಿದಾಗ ಗಂಡ ನನಗಿಂತ ಒಂದು ಬೆರಳು ಎತ್ತರವಿದ್ದ. ಜೀರಿಗೆ ಬೆಲ್ಲ ನನ್ನ ತಲೆಯ ಮೇಲೆ ಸಲೀಸಾಗಿ ಬಿತ್ತು, ಎಲ್ಲರೂ ಚಪ್ಪಾಳೆ ತಟ್ಟಿದರು. ಮದುವೆಯ ಆಲ್ಬಮ್ಮಿನಲ್ಲಿ ಗಂಡ ಹೆಂಡತಿ ಇಬ್ಬರೇ ಇರುವ ಪಟಗಳಲ್ಲೆಲ್ಲ ನಾನು ಕೂತಿದ್ದೇನೆ, ಅವನು ನಿಂತಿದ್ದಾನೆ.

ಈ ದೇಶಕ್ಕೆ ಬಂದಾಗ ನನಗೆ ಮೊದಲು ಇಷ್ಟವಾದದ್ದು ಅಡುಗೆ ಕಟ್ಟೆ. ಬೆನ್ನು ಬಗ್ಗಿಸದೆ ಈರುಳ್ಳಿ ಹೆಚ್ಚಬಹುದಾದ ಕಟ್ಟೆಯನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಬಚ್ಚಲಿನ ಕನ್ನಡಿಯಲ್ಲಿ ನನ್ನ ಮುಖ ಪೂರ್ತಿ ಕಂಡಿತು. ಗಂಡನಿಗೆ ಹಣೆ ಮಾತ್ರ ಕಾಣುತ್ತಿತ್ತು. ಅವನು ಗಡ್ಡ ಕೆರೆದುಕೊಳ್ಳಲು ಒಂದು ಪ್ಲಾಸ್ಟಿಕ್ ಮೆಟ್ಟಿಲು ತಂದುಕೊಂಡ. ನಾನು ಅದನ್ನು ನೋಡಿ ನಗಲಿಲ್ಲ. ನಗಬೇಕಿತ್ತು ಎಂದು ಈಗ ಅನಿಸುತ್ತದೆ.

ಹಟ ಹಿಡಿದ ಮರುದಿನವೇ ಮಗಳನ್ನು ಕರೆದುಕೊಂಡು ಫ್ಲ್ಯಾಟುಗಳ ಹಿಂದಿನ ಆಟದ ಅಂಗಳಕ್ಕೆ ಹೋದೆ. ಅಲ್ಲೊಂದು ಬಲೆ ಹರಿದ ಬಾಸ್ಕೆಟ್ ಇತ್ತು. ಕಂಬಕ್ಕೆ ಒಂದೂವರೆ ಮೀಟರ್ ದೂರವಿರಿ ಎಂಬ ಹಳದಿ ಹಾಳೆ ಅಂಟಿಸಿದ್ದರು. ಗಾಳಿ ಎಂದಿನಂತೆ ಕಿವಿ ಕೀಳುತ್ತಿತ್ತು. ಎಷ್ಟೋ ವರ್ಷಗಳ ಮೇಲೆ ಚೆಂಡು ಹಿಡಿದ ನನ್ನ ಕೈ ಮೊದಲ ಎಸೆತದಲ್ಲೇ ಬುಟ್ಟಿ ಕಂಡಿತು. ಮಗಳು, ಇಲ್ಲಿನ ಮಕ್ಕಳು ಅಮ್ಮನನ್ನು ಕರೆಯುವ ಹಾಗೆ, "ಮಾಮಾ!" ಎಂದು ಬಾಯಿ ಬಿಟ್ಟಳು. ಆ ಮುಖ ನೋಡಿದ ಸಂತೋಷ ಆ ಎರಡು ವರ್ಷಗಳಲ್ಲಿ ನನಗೆ ಸಿಕ್ಕ ದೊಡ್ಡ ಸಂತೋಷ.

ಆಮೇಲೆ ದಿನಾ ಹೋದೆವು. ಬುಟ್ಟಿಗೆ ಬೆನ್ನು ಕೊಟ್ಟು ನಿಲ್ಲುವುದು, ಭುಜ ಇಳಿಸಿ ತಿರುಗುವುದು, ಎಲ್ಲ ಹೇಳಿಕೊಟ್ಟೆ. ಎಲ್ಲಕ್ಕಿಂತ ಮೊದಲು ಹೇಳಿಕೊಟ್ಟದ್ದು ಆ ನಿಲುವು. "ಮಂಡಿ ಬಗ್ಗಿಸು, ಬೆನ್ನು ನೇರ. ಇನ್ನೂ ಕೆಳಗೆ. ನಿಲ್ಲು." ಅವಳ ತೊಡೆ ನಡುಗಿತು. "ಹೌ ಲಾಂಗ್, ಅಮ್ಮಾ?" ಎಂದು ಗೋಗರೆದಳು. ಅವಳ ಗಮನ ಬೇರೆಡೆ ಸೆಳೆಯಲು ನಾನು ಅಂತರಪಟದ ಕಥೆ ಹೇಳಿದೆ. ಪೇಟದ ತುದಿ, ಅಲುಗಾಡುವ ಮಣೆ, ಸೀರೆಯೊಳಗಿನ ಮಂಡಿ. ಅವಳು ನಕ್ಕು ನಕ್ಕು ಒದ್ದೆ ನೆಲದ ಮೇಲೆ ಕೂತುಬಿಟ್ಟಳು.

"ಸೋ ಯು ಪ್ಲೇಡ್ ಡಿಫೆನ್ಸ್ ಅಟ್ ಯುವರ್ ಓನ್ ವೆಡಿಂಗ್?" ಎಂದಳು.

"ಹೂಂ ಕಣೇ. ಯಾರಿಗೂ ಗೊತ್ತಾಗ್ಲಿಲ್ಲ," ಎಂದೆ. ನಾನೂ ನಗುತ್ತಿದ್ದೆ.

ಅತ್ತ ಗಂಡ ಬಿಡಲಿಲ್ಲ. ಇಲ್ಲಿ ದೊಡ್ಡ ಆಸ್ಪತ್ರೆಗೆ ಹೋಗಬೇಕಾದರೆ ಮೊದಲು ಹೌಸ್‌ಆರ್ಟ್ಸ್, ಅಂದರೆ ಬಡಾವಣೆಯ ಡಾಕ್ಟರು, ಒಪ್ಪಬೇಕು. ಆ ದಿನಗಳಲ್ಲಿ ಅವರು ಫೋನಿನಲ್ಲೇ ಸಿಗುತ್ತಿದ್ದರು. ಗಂಡ ಮಗಳ ಎತ್ತರ ಹೇಳಿದಾಗ ಆ ಕಡೆಯಿಂದ, ಸರಿ, ತೊಂದರೆ ಏನು, ಎಂಬ ಪ್ರಶ್ನೆ ಬಂತು. ಇವನು ನಮ್ಮ ಸಮಾಜ, ನಮ್ಮ ಮದುವೆ, ನಮ್ಮ ಹುಡುಗರು ಎಂದು ಅರ್ಧ ಇಂಗ್ಲಿಷು ಅರ್ಧ ಡಚ್ಚಿನಲ್ಲಿ ಒಂದು ಭಾಷಣವನ್ನೇ ಮಾಡಿದ. ಕಾಟ ತಾಳಲಾರದೆ ಅವರು ಆಸ್ಪತ್ರೆಗೆ ಬರೆದುಕೊಟ್ಟಿರಬೇಕು.

"ಆ ಹುಡುಗನ ಎತ್ತರ ನೋಡಿ ಸೋಫಾ ಹತ್ತಿದ್ಯಲ್ಲ. ನಿನ್ನ ಮಗಳ ಎತ್ತರ ಯಾಕೆ ರೋಗ?" ಎಂದು ಕೇಳಿದೆ.

"ಅವನು ಪ್ಲೇಯರ್ ಕಣೇ."

"ಇವಳೂ ಆಡ್ತಾಳೆ. ನಾನೂ ಆಡಿದೀನಿ."

"ಆಡಿ ಏನಾಯ್ತು?" ಎಂದ. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ನಿಜವಾಗಿಯೂ ತಿಳಿಯದೆ ಕೇಳಿದ ಹಾಗಿತ್ತು ಅವನ ಮುಖ. ನನಗೆ ಅದೇ ಹೆಚ್ಚು ನೋವಾಯಿತು.

ಆಸ್ಪತ್ರೆಯಲ್ಲಿ ಮಗುವಿನ ಜೊತೆ ಒಬ್ಬರೇ ಒಳಗೆ ಬರಬೇಕೆಂದು ಕೊರೊನಾ ನಿಯಮವಿತ್ತು. ನಾನು ಹೋದೆ. ಗಂಡ ಹೊರಗೆ ಸೈಕಲ್ ಸ್ಟ್ಯಾಂಡಿನ ಪಕ್ಕ ನಿಂತ. ಮಗಳ ಎಡಗೈಯ ಎಕ್ಸ್‌ರೇ ತೆಗೆದಿದ್ದರು. ಮೂಳೆ ನೋಡಿ ಇನ್ನೆಷ್ಟು ಬೆಳೆಯುತ್ತಾಳೆಂದು ಹೇಳುತ್ತಾರಂತೆ. ಡಾಕ್ಟರಮ್ಮ ಅದನ್ನು ದೀಪಕ್ಕೆ ಹಿಡಿದು, ಹೆಚ್ಚೂಕಡಿಮೆ ನಿಮ್ಮಷ್ಟೇ ಆಗುತ್ತಾಳೆ, ಬೇಕಾದರೆ ಒಂದು ಬೆರಳು ಜಾಸ್ತಿ, ಎಂದರು. ಚಿಕಿತ್ಸೆ ಎಂಬುದು ಇದೆ, ಆದರೆ ಇದಕ್ಕಿಂತ ಬಹಳ ಬಹಳ ಉದ್ದ ಆಗುವವರಿಗೆ, ಅದೂ ತೀರ ಅಪರೂಪಕ್ಕೆ. "ಇವಳಿಗೆ ಕೊಡೋದಾದ್ರೆ ಮೊದಲು ನನಗೆ ಕೊಡಬೇಕು," ಎಂದು ಎದ್ದು ನಿಂತರು. ನಾನು ತಲೆಯೆತ್ತಿ ನೋಡಬೇಕಾಯಿತು. ಆಮೇಲೆ ನನ್ನನ್ನು ಬಿಟ್ಟು ಮಗಳ ಕಡೆ ತಿರುಗಿ, ನಿನಗೇನನಿಸುತ್ತೆ, ಎಂದು ಡಚ್ಚಿನಲ್ಲಿ ಕೇಳಿದರು. ನಮ್ಮ ಮನೆಯಲ್ಲಿ ಅಲ್ಲಿಯವರೆಗೆ ಯಾರೂ ಅವಳನ್ನು ಅದನ್ನು ಕೇಳಿರಲಿಲ್ಲ.

"ಪ್ರಿಮಾ," ಎಂದಳು ಮಗಳು. ಚೆನ್ನಾಗಿದೆ ಅಂತ. ಅಷ್ಟೆ.

ನಾನು ಆ ಕಟ್ಟಡದಿಂದ ಕಪ್ ಗೆದ್ದವಳ ಹಾಗೆ ಹೊರಗೆ ಬಂದೆ. ಗಾಡಿಯಂಗಡಿಯಲ್ಲಿ ಮಗಳಿಗೆ ದೊಡ್ಡ ಪೊಟ್ಟಣ ಆಲೂಗಡ್ಡೆ ಫ್ರೈ ಕೊಡಿಸಿದೆ. ಗಂಡ ಎಲ್ಲ ಕೇಳಿಸಿಕೊಂಡು, ಒಂದು ಫ್ರೈ ಬಾಯಿಗಿಟ್ಟುಕೊಂಡು, "ಅವ್ವನಿಗೆ ಏನು ಹೇಳ್ಲಿ?" ಎಂದ.

"ನಮ್ಮ ಫ್ರಿಜ್ಜೇ ಕುಳ್ಳು ಅಂತ ಹೇಳು," ಎಂದೆ. ಮಗಳು ಬಾಯಿತುಂಬ ಫ್ರೈ ಇಟ್ಟುಕೊಂಡು ನಕ್ಕಳು.

ಅವನು ಹಾಗೆ ಹೇಳಲಿಲ್ಲ. ಮನೆಗೆ ಬಂದು ಬೂಟು ಬಿಚ್ಚುತ್ತಲೇ ಧಾರವಾಡಕ್ಕೆ ಫೋನು ಹಚ್ಚಿದ. "ಗುಳಿಗಿ ಕೊಟ್ಟಾರ ಅವ್ವ. ಇನ್ನ ನಿಲ್ಲತದಂತ. ನೀ ಚಿಂತಿ ಮಾಡಬ್ಯಾಡ," ಎಂದ. ನಾನು ಅವನನ್ನೇ ದುರುಗುಟ್ಟಿ ನೋಡಿದೆ. ವಯಸ್ಸಾದವರು, ಈ ಕಾಲದಲ್ಲಿ ಯಾಕೆ ಟೆನ್ಶನ್ ಕೊಡಬೇಕು, ಎಂದು ಗೊಣಗಿಕೊಂಡು ಲ್ಯಾಪ್‌ಟಾಪ್ ತೆಗೆದ. ಮಗಳು ಕೋಟು ಗೂಟಕ್ಕೆ ಹಾಕುತ್ತಾ ಎಲ್ಲ ಕೇಳಿಸಿಕೊಂಡಳು. ನಾನು ಗೆದ್ದ ಖುಷಿಯಲ್ಲಿದ್ದೆ, ಅವಳ ಕಡೆ ಗಮನ ಕೊಡಲಿಲ್ಲ.

ನಂತರದ ಭಾನುವಾರ ನಮ್ಮ ಮನೆಯಲ್ಲಿ ಸೂತಕದ ಕಳೆ ಇತ್ತು. ಊರಿನಲ್ಲಿ ಕಾಲೇಜು ನಾಲ್ಕು ದಿನ ಬಾಗಿಲು ತೆರೆದಿತ್ತಂತೆ. ಪಿ.ಡಿ. ಸರ್ ಆ ಹುಡುಗನನ್ನು ಬರಿಗಾಲಲ್ಲಿ ಗೋಡೆಗೆ ನಿಲ್ಲಿಸಿ ಟೇಪು ಹಿಡಿದಿದ್ದರು. ಆರು ಅಡಿ ಏಳೇ ಇಂಚು. ಮೊದಲಿನ ಲೆಕ್ಕದಲ್ಲಿ ಬೂಟೂ ಸೇರಿತ್ತು, ನಿಗುರಿ ನಿಂತ ಕೂದಲೂ ಸೇರಿತ್ತು, ಉಳಿದದ್ದು ಹಳೇ ವಿದ್ಯಾರ್ಥಿಗಳ ಅಭಿಮಾನ.

"ಮೂರಿಂಚು ಮೋಸ ಕಣ್ರೋ!" ಎಂದ ಬ್ಯಾಂಕಿನವನು. ಅವನ ಧ್ವನಿ ನಿಜವಾಗಿ ಒಡೆದಿತ್ತು.

"ಆರು ಏಳು ಅಂದ್ರೆ ಅವನೇನು ಸೆಂಟರ್ರಾ? ಅಂಥೋರು ಎಲ್ಲಾ ಕಡೆ ಸಿಗ್ತಾರೆ," ಎಂದ ದ ಹೇಗ್‌ನವನು. ಒಂದು ವರ್ಷ ತಲೆಯ ಮೇಲೆ ಹೊತ್ತು ಕುಣಿದವರು ಒಂದು ಮಧ್ಯಾಹ್ನದಲ್ಲಿ ಅವನನ್ನು ಕೆಳಗೆ ಒಗೆದರು. ಚೆಂಡು ಹಿಡಿದು ಒಂದು ಪಂದ್ಯವನ್ನೂ ಆಡದ ಆ ಹುಡುಗನ ಮೇಲೆ ನನಗೆ ಕನಿಕರ ಬಂತು. ಅವನೂ ಬರೀ ಅಳತೆಯಾಗಿದ್ದ.

ಅಷ್ಟರಲ್ಲಿ ಧಾರವಾಡದ ಕರೆ ಬಂತು. ಗಂಡ ಒಂದು ಕಿವಿಯ ಇಯರ್‌ಫೋನ್ ತೆಗೆದು ನನ್ನ ಕಡೆ ಕೈ ಮಾಡಿದ. ನಾನು ಫೋನು ಹಿಡಿದೆ.

"ಎಲ್ಲಿ ನನ್ನ ಬಂಗಾರ? ಫ್ರಿಜ್ಜಿನ ಬಾಜೂಕ ನಿಂದ್ರವಾ."

ಮಗಳು ಬಂದು ನಿಂತಳು. ಫೋನಿನ ಚೌಕಟ್ಟಿನೊಳಗೆ ಅವಳ ಮುಖ, ಭುಜ, ಪಕ್ಕದಲ್ಲಿ ಬಿಳಿ ಫ್ರಿಜ್ಜು. ತಲೆ ಫ್ರಿಜ್ಜಿನ ಅಂಚಿಗಿಂತ ಕೆಳಗಿತ್ತು. ನನಗೆ ಒಂದು ಗಳಿಗೆ ಏನೂ ತಿಳಿಯಲಿಲ್ಲ. ಫೋನಿನಿಂದ ಕಣ್ಣು ಕೆಳಗಿಳಿಸಿದೆ. ಅಂಗಳದಲ್ಲಿ ನಾನು ಹೇಳಿಕೊಟ್ಟ ಹಾಗೆ, ಪಾದ ಭುಜದಗಲಕ್ಕೆ, ಬೆನ್ನು ನೇರ, ಮಂಡಿ ಬಗ್ಗಿ. ಎಲ್ಲೂ ತಪ್ಪಿರಲಿಲ್ಲ. ತೊಡೆ ಸ್ವಲ್ಪವೂ ನಡುಗುತ್ತಿರಲಿಲ್ಲ. ಮುಖದಲ್ಲಿ ಅಜ್ಜಿಗೆಂದು ಒಂದು ಒಳ್ಳೆಯ ನಗು.

"ಗುಳಿಗಿ ಹತ್ಯಾವ ನೋಡ್ರಿ!" ಅತ್ತೆ ಆ ಕಡೆ ಎಲ್ಲರನ್ನೂ ಕೂಗಿ ಕರೆದರು. "ಫ್ರಿಜ್ಜಿನ ಕೆಳಗ ಬಂದಾಳ! ಕೂಸಿನ ದೃಷ್ಟಿ ತಗೀರಿ ಮದ್ಲ." ಗುಳಿಗೆ ನುಂಗಿದ ಮಕ್ಕಳು ಕುಗ್ಗುವುದಿಲ್ಲ ಎಂದು ಅವರಿಗೂ ಗೊತ್ತಿರಬೇಕು. ಬೇಕಾದದ್ದು ಕಣ್ಣೆದುರು ಬಂದಾಗ ಯಾರು ಕೇಳುತ್ತಾರೆ?

ಗಂಡ ಕುರ್ಚಿಯಲ್ಲೇ ತಿರುಗಿ ನೋಡಿದ. ಅವನಿಗೂ ಮಂಡಿ ಕಂಡಿತು. ಕಂಡಿತು ಎಂಬುದು ನನಗೆ ಗೊತ್ತು. ಅವನ ಭುಜಗಳು ಸಡಿಲವಾದವು. ಮಗಳತ್ತ ಹೆಬ್ಬೆರಳು ಎತ್ತಿ ತೋರಿಸಿ, ಇಯರ್‌ಫೋನ್ ಮತ್ತೆ ಕಿವಿಗೆ ಹಾಕಿಕೊಂಡ.

ಕರೆ ಮುಗಿಯಿತು. "ಯಾಕೇ ಹಾಗೆ ಮಾಡ್ದೆ? ನೆಟ್ಟಗೆ ನಿಲ್ಲೋದಲ್ವಾ?" ಎಂದೆ. ಬೈದ ಹಾಗೆ ಕೇಳಿಸಿರಬೇಕು.

ಅವಳು ಮಂಡಿ ನೇರ ಮಾಡಿ ಎದ್ದಳು. ಮತ್ತೆ ಬಾಳೆಹಣ್ಣಿನ ಬುಟ್ಟಿಯ ಸಮಕ್ಕೆ ಬಂದು, ಅದರಿಂದ ಒಂದು ಹಣ್ಣು ಕಿತ್ತುಕೊಂಡಳು.

"ಡೂ ನೊರ್ಮಾಲ್, ಮಾಮಾ," ಎಂದಳು. ಅತಿ ಮಾಡಬೇಡ ಎನ್ನಲು ಇಲ್ಲಿನ ಮಕ್ಕಳು ಮೂರು ಹೊತ್ತೂ ಹೇಳುವ ಮಾತು. ಆಮೇಲೆ, ಅಪರೂಪಕ್ಕೆ, ಕನ್ನಡದಲ್ಲಿ: "ನೀನೇ ಹೇಳ್ಕೊಟ್ಟಿದ್ದಲ್ವಾ? ಯಾರಿಗೂ ಗೊತ್ತಾಗಲ್ಲ ಅಂತ."

ಹಣ್ಣು ಸುಲಿಯುತ್ತಾ ತನ್ನ ಕೋಣೆಗೆ ಹೋದಳು. ನನ್ನ ಬೆನ್ನ ಹಿಂದೆ, ಲ್ಯಾಪ್‌ಟಾಪಿನ ಮುಂದೆ, ಗಂಡ ಆ ಹುಡುಗನ ಮೂರಿಂಚಿಗಾಗಿ ಇನ್ನೂ ಅಳುತ್ತಿದ್ದ.